ಸ್ಕ್ರ್ಯಾಂಟನ್‌ನ ಕಲ್ಲಿದ್ದಲು ಗಣಿ ಪ್ರವಾಸ: ಜಾನ್ ಮಿಚೆಲ್‌ನನ್ನು ಅರಿಯಲು ಗಣಿಯೊಂದೇ ಸಾಲದು

ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದ ಸ್ಕ್ರ್ಯಾಂಟನ್ ನಗರಕ್ಕೆ ಹೋಗುವವರು ಅಲ್ಲಿನ ಲ್ಯಾಕವಾನಾ ಕಲ್ಲಿದ್ದಲು ಗಣಿ ಪ್ರವಾಸವನ್ನು ತಪ್ಪಿಸಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಮೆರಿಕದ ಕಾರ್ಮಿಕ ಚಳವಳಿಯ ಬಗ್ಗೆ, ಅದರಲ್ಲೂ ಗಣಿ ಕಾರ್ಮಿಕರ ಸಂಘವನ್ನು ದೇಶವೇ ಲೆಕ್ಕಕ್ಕಿಡಬೇಕಾದ ಶಕ್ತಿಯಾಗಿ ಬೆಳೆಸಿದ ಜಾನ್ ಮಿಚೆಲ್‌ನ ಬಗ್ಗೆ ಕುತೂಹಲವಿಟ್ಟುಕೊಂಡು ಹೋಗುವವರು ಗಣಿಯನ್ನಷ್ಟೇ ನೋಡಿ ಮರಳಿದರೆ ಅರ್ಧ ಕತೆ ಕೇಳಿ ಎದ್ದು ಬಂದಂತಾಗುತ್ತದೆ. ನೆಲದಡಿಯಲ್ಲಿ ಕಾಣಸಿಗುವುದು ದುಡಿಮೆ. ಆ ದುಡಿಮೆಗೆ ಬೆಲೆ ಕಟ್ಟಿಸಿದ ಹೋರಾಟದ ಗುರುತುಗಳು ಊರ ನಡುವಿನ ನ್ಯಾಯಾಲಯದ ಚೌಕದಲ್ಲಿವೆ. ಹಾಗಾಗಿ ಗಣಿ, ಅದರ ಪಕ್ಕದ ವಸ್ತುಸಂಗ್ರಹಾಲಯ ಮತ್ತು ಚೌಕದಲ್ಲಿರುವ ಮಿಚೆಲ್ ಸ್ಮಾರಕ ಈ ಮೂರನ್ನೂ ಒಂದೇ ಭೇಟಿಯ ಭಾಗಗಳೆಂದು ಭಾವಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಬೇಗ ಹೊರಟರೆ ಮೂರನ್ನೂ ಒಂದೇ ದಿನದಲ್ಲಿ ಆರಾಮವಾಗಿ ನೋಡಿ ಮುಗಿಸಬಹುದು.

ಗಣಿ ಇರುವುದು ನಗರದ ಅಂಚಿನ ಮೆಕ್‌ಡೇಡ್ ಉದ್ಯಾನದೊಳಗೆ. 1860ರಲ್ಲಿ ತೆರೆದ ಈ ಗಣಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆದು 1966ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಸರ್ಕಾರದ ಹಣದಿಂದ ದುರಸ್ತಿಯಾಗಿ 1985ರಲ್ಲಿ ಪ್ರವಾಸಿಗರಿಗೆ ತೆರೆದುಕೊಂಡಿತು. ಹಳದಿ ಬಣ್ಣದ ಗಾಡಿಯೊಂದರಲ್ಲಿ ಕೂರಿಸಿ, ಉಕ್ಕಿನ ಹಗ್ಗದ ಹಿಡಿತದಲ್ಲಿ, ಇಳಿಜಾರಾದ ಹಳಿಯ ಮೇಲೆ ಸುಮಾರು 300 ಅಡಿ ಆಳಕ್ಕೆ ಇಳಿಸುತ್ತಾರೆ. ಗಾಡಿ ಬಾಯಿ ದಾಟಿದ ಕೆಲವೇ ಕ್ಷಣಗಳಲ್ಲಿ ಹಿಂದಿನ ಬೆಳಕು ಅಂಗೈಯಗಲಕ್ಕೆ ಇಳಿಯುತ್ತದೆ, ಗಾಳಿ ತಣ್ಣಗಾಗುತ್ತದೆ, ಚಾವಣಿಯಿಂದ ಒಸರುವ ನೀರಿನ ಸದ್ದು ಕೇಳಿಸತೊಡಗುತ್ತದೆ. ಒಳಗಿನ ಉಷ್ಣಾಂಶ ವರ್ಷವಿಡೀ 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ 12ರ ಆಸುಪಾಸು. ಹೊರಗೆ ಎಂಥ ಬೇಸಿಗೆಯಿದ್ದರೂ ತೆಳುವಾದ ಅಂಗಿಯಲ್ಲಿ ಇಳಿದವರು ನಡುಗುತ್ತಲೇ ಮೇಲೆ ಬರಬೇಕಾಗುತ್ತದೆ. ಕೆಳಗಿಳಿದ ಮೇಲೆ ಮಾರ್ಗದರ್ಶಕರ ಹಿಂದೆ ಸುಮಾರು ಒಂದು ಗಂಟೆ ನಡೆಯಬೇಕು. ನೆಲ ಒದ್ದೆಯಾಗಿಯೂ ಏರುಪೇರಾಗಿಯೂ ಇರುವುದರಿಂದ ಹಿಡಿತವಿರುವ ಬೂಟು ಅಗತ್ಯ.

ಕ್ಲಾರ್ಕ್ ಮತ್ತು ಡನ್‌ಮೋರ್ ಎಂಬ ಹೆಸರಿನ ಕಲ್ಲಿದ್ದಲಿನ ಪದರಗಳನ್ನು ಕೈಯಿಂದ ಮುಟ್ಟಿ ನೋಡುವಷ್ಟು ಹತ್ತಿರದಿಂದ ತೋರಿಸುತ್ತಾರೆ. ಇಲ್ಲಿಯದು ಆಂಥ್ರಾಸೈಟ್, ಅಂದರೆ ಹೊಗೆ ಕಡಿಮೆಯಿರುವ, ಗಾಜಿನಂತೆ ಹೊಳೆಯುವ ಗಟ್ಟಿ ಕಲ್ಲಿದ್ದಲು. ಅಮೆರಿಕದ ಆಂಥ್ರಾಸೈಟ್ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತಿದ್ದುದು ಈಶಾನ್ಯ ಪೆನ್ಸಿಲ್ವೇನಿಯಾದ ಈ ಕಣಿವೆಗಳಲ್ಲಿ ಮಾತ್ರ. ನ್ಯೂಯಾರ್ಕ್, ಫಿಲಡೆಲ್ಫಿಯಾ, ಬೋಸ್ಟನ್ ನಗರಗಳ ಮನೆಗಳು ಚಳಿಗಾಲದಲ್ಲಿ ಬೆಚ್ಚಗಿದ್ದುದು ಇದರಿಂದಲೇ. ಪದರ ಎತ್ತರವಿರುವೆಡೆ ಮನುಷ್ಯ ನಿಂತು ಅಗೆಯುತ್ತಿದ್ದ. ಪದರ ತಗ್ಗಿದಂತೆಲ್ಲ ಆತ ಮೊಣಕಾಲೂರಬೇಕಿತ್ತು, ಕೊನೆಗೆ ಮಲಗಿಕೊಂಡೇ ಕೆಲಸ ಮಾಡಬೇಕಿತ್ತು. ಅಂಥದೊಂದು ತಗ್ಗು ಜಾಗದ ಮುಂದೆ ನಮ್ಮ ತಂಡದ ಮಾರ್ಗದರ್ಶಕರು ಬೇಕೆಂದೇ ಹೆಚ್ಚು ಹೊತ್ತು ನಿಲ್ಲಿಸಿದರು. ಮಂಚದ ಕೆಳಗೆ ತೂರಿಕೊಂಡು ಕಸ ಗುಡಿಸುವವರ ಭಂಗಿಯಲ್ಲಿ ಹತ್ತು ಗಂಟೆ ಕಾಲ ಗುದ್ದಲಿ ಬೀಸುವುದನ್ನು ಊಹಿಸಿಕೊಂಡರೆ, ದಿನದ ದುಡಿಮೆಯನ್ನು ಎಂಟು ಗಂಟೆಗೆ ಇಳಿಸಬೇಕೆಂದು ಜನ ತಿಂಗಳುಗಟ್ಟಲೆ ಉಪವಾಸ ಬಿದ್ದದ್ದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಲ್ಲಿ ನಿಲ್ಲಿಸಿರುವ ಕೆಲಸಗಾರರ ಬೊಂಬೆಗಳು ನನಗೆ ಅಷ್ಟಾಗಿ ರುಚಿಸಲಿಲ್ಲ, ಬರಿಯ ಕಲ್ಲು, ಕಂಬ, ಹಳಿಗಳೇ ಸಾಕಿತ್ತೆನಿಸಿತು. ಜೊತೆಯಲ್ಲಿದ್ದ ಮಕ್ಕಳು ಮಾತ್ರ ಆ ಬೊಂಬೆಗಳ ಮುಂದಿನಿಂದ ಕದಲಲು ಒಪ್ಪಲಿಲ್ಲವಾದ್ದರಿಂದ ಈ ಮಾತನ್ನು ನನ್ನ ರುಚಿಯ ಲೆಕ್ಕಕ್ಕೇ ಬಿಡುವುದು ಒಳ್ಳೆಯದು.

ಪ್ರವಾಸದ ನಿಜವಾದ ಸಾರ ಇರುವುದು ಕೂಲಿಯ ಲೆಕ್ಕದಲ್ಲಿ. ಮಾರ್ಗದರ್ಶಕರನ್ನು ಕೇಳಿದರೆ ಅವರು ಇದನ್ನು ಉತ್ಸಾಹದಿಂದ ಬಿಡಿಸಿ ಹೇಳುತ್ತಾರೆ, ಆದ್ದರಿಂದ ಸಂಕೋಚಪಡದೆ ಕೇಳಬೇಕು. ಆಂಥ್ರಾಸೈಟ್ ಗಣಿಗಾರ ತಿಂಗಳ ಸಂಬಳದವನಾಗಿರಲಿಲ್ಲ, ಒಂದು ಬಗೆಯ ಗುತ್ತಿಗೆದಾರನಾಗಿದ್ದ. ತನಗೆ ಗೊತ್ತುಮಾಡಿಕೊಟ್ಟ ಕೋಣೆಯಲ್ಲಿ ಆತ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಬಿದ್ದ ಕಲ್ಲಿದ್ದಲನ್ನು ಗಾಡಿಗೆ ತುಂಬಿಸಬೇಕಿತ್ತು. ಸಿಡಿಮದ್ದು, ದೀಪದ ಎಣ್ಣೆ, ಬತ್ತಿ, ಉಪಕರಣ ಎಲ್ಲವೂ ಅವನದೇ ಖರ್ಚು. ತುಂಬಲು ಇಟ್ಟುಕೊಂಡ ಸಹಾಯಕನ ಕೂಲಿಯನ್ನೂ ಅವನೇ ಕೊಡಬೇಕಿತ್ತು. ತುಂಬಿದ ಗಾಡಿ ಮೇಲೆ ಹೋದಾಗ ಕಂಪನಿಯ ತಪಾಸಣೆಗಾರ ನೋಡಿ, ಕಲ್ಲು ಹೆಚ್ಚಿದೆ ಎನಿಸಿದರೆ ಅಷ್ಟು ಹಣ ಮುರಿದುಕೊಳ್ಳುತ್ತಿದ್ದ. ಕೆಳಗೆ ಅಗೆಯುತ್ತಿದ್ದವನಿಗೆ ಆ ತೀರ್ಮಾನವನ್ನು ನೋಡುವ ಅವಕಾಶವೂ ಇರಲಿಲ್ಲ, ಪ್ರಶ್ನಿಸುವ ಅಧಿಕಾರವೂ ಇರಲಿಲ್ಲ. ತೂಕದ ಲೆಕ್ಕ ಇನ್ನೂ ವಿಚಿತ್ರ. ಮಾರುವಾಗ 2,240 ಪೌಂಡಿಗೆ ಒಂದು ಟನ್ ಎಂದಿದ್ದ ಅಳತೆ, ಗಣಿಗಾರನಿಂದ ಪಡೆಯುವಾಗ ಅದಕ್ಕಿಂತ ನೂರಾರು ಪೌಂಡ್ ಹಿಗ್ಗುತ್ತಿತ್ತು. ಕಲ್ಲು, ಪುಡಿ ಕಳೆದು ಉಳಿಯುವುದಷ್ಟೇ ಮಾರಾಟಕ್ಕೆ ಬರುತ್ತದೆ ಎಂಬುದು ಕಂಪನಿಗಳ ಸಮಜಾಯಿಷಿ. ಪುಡಿಯನ್ನೂ ಕಂಪನಿಗಳು ಮಾರತೊಡಗಿದ ಮೇಲೂ ಹಳೆಯ ಅಳತೆ ಹಾಗೆಯೇ ಉಳಿಯಿತು ಎಂಬುದು ಗಣಿಗಾರರ ದೂರು. 1902ರ ಮುಷ್ಕರದ ಬೇಡಿಕೆಗಳಲ್ಲಿ ಕಲ್ಲಿದ್ದಲನ್ನು 2,240 ಪೌಂಡಿನ ಟನ್ ಲೆಕ್ಕದಲ್ಲಿ ತೂಗಬೇಕೆಂಬುದು ಏಕೆ ಸೇರಿತ್ತೆಂಬುದು ಈ ವಿವರ ಕೇಳಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೆಲ್ಲ ಅನ್ಯಾಯವಿದ್ದರೂ ಸಂಘ ಕಟ್ಟುವುದು ಏಕೆ ಅಷ್ಟು ಕಷ್ಟವಾಯಿತು ಎಂಬ ಪ್ರಶ್ನೆಗೂ ಗಣಿಯೊಳಗೇ ಉತ್ತರದ ಸುಳಿವು ಸಿಗುತ್ತದೆ. ಒಬ್ಬೊಬ್ಬ ಗಣಿಗಾರ ತನ್ನ ಸಹಾಯಕನೊಡನೆ ಬೇರೆಬೇರೆ ಕೋಣೆಯಲ್ಲಿ, ಪರಸ್ಪರ ಮುಖ ಕಾಣದಷ್ಟು ದೂರದಲ್ಲಿ ದುಡಿಯುತ್ತಿದ್ದ. ಗಣಿಗಾರ ವೇಲ್ಸ್‌ನವನೋ ಇಂಗ್ಲೆಂಡಿನವನೋ ಆಗಿದ್ದರೆ ಅವನ ಸಹಾಯಕ ಪೋಲಿಷ್, ಸ್ಲೋವಾಕ್ ಅಥವಾ ಲಿಥುವೇನಿಯಾದವನಾಗಿರುತ್ತಿದ್ದ. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ, ಒಬ್ಬನ ಕೂಲಿ ಇನ್ನೊಬ್ಬನ ಜೇಬಿನಿಂದ ಬರುತ್ತಿತ್ತು. ಇಂಥ ಜನರನ್ನು ಒಂದೇ ಸಭೆಯಲ್ಲಿ ಕೂರಿಸುವುದಕ್ಕೆ ಭಾಷಣಕಲೆ ಸಾಕಾಗುತ್ತಿರಲಿಲ್ಲ.

ಮಿಚೆಲ್‌ಗಿಂತ ಮೊದಲು ಈ ಕೆಲಸಕ್ಕೆ ಕೈಹಾಕಿದವನು ಜಾನ್ ಸೈನಿ. ಐರ್ಲೆಂಡಿನಲ್ಲಿ ಹುಟ್ಟಿ, ಇಂಗ್ಲೆಂಡಿನ ವಿಗನ್‌ನಲ್ಲಿ ಬೆಳೆದು, 1863ರಲ್ಲಿ ಪೆನ್ಸಿಲ್ವೇನಿಯಾದ ಶೂಯ್ಕಿಲ್ ಕೌಂಟಿಗೆ ಬಂದ ಆತ 1868ರಲ್ಲಿ ಅಲ್ಲಿ ಗಣಿಗಾರರ ಸಂಘವನ್ನು ಕಟ್ಟಿದ. 1870ರಲ್ಲಿ ಗಣಿ ಮಾಲೀಕರೊಡನೆ ಲಿಖಿತ ಒಪ್ಪಂದವನ್ನೂ ಮಾಡಿಸಿದ. ಅದರ ನಡುವೆ, 1869ರ ಸೆಪ್ಟೆಂಬರಿನಲ್ಲಿ, ಪ್ಲಿಮತ್ ಬಳಿಯ ಏವನ್‌ಡೇಲ್ ಗಣಿಗೆ ಬೆಂಕಿ ಬಿದ್ದು, ಹೊರಬರಲು ಎರಡನೆಯ ದಾರಿಯಿಲ್ಲದೆ 110 ಜನ ಸತ್ತರು. ಮರುವರ್ಷವೇ ಗಣಿಗಳಿಗೆ ಎರಡು ದಾರಿಗಳಿರಬೇಕೆಂಬ ಕಾನೂನನ್ನು ಪೆನ್ಸಿಲ್ವೇನಿಯಾ ತಂದಿತು. ಪ್ರವಾಸದಲ್ಲಿ ಗಾಳಿಯಾಡುವ ಮಾರ್ಗ, ಹೊರಬೀಳುವ ಮಾರ್ಗಗಳ ಮಾತು ಬಂದಾಗ ಈ ಸಂಗತಿ ನೆನಪಿನಲ್ಲಿದ್ದರೆ ಕಲ್ಲಿನ ಗೋಡೆಗೆ ಬೇರೆಯದೇ ಅರ್ಥ ಬರುತ್ತದೆ. ಸೈನಿಯ ಸಂಘ 1875ರ ದೀರ್ಘ ಮುಷ್ಕರದ ಸೋಲಿನಲ್ಲಿ ಕುಸಿದುಬಿತ್ತು. ಆತ 1880ರಲ್ಲಿ, ಗಣಿಯ ಧೂಳು ತಂದ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಆಮೇಲಿನ ಇಪ್ಪತ್ತು ವರ್ಷ ಈ ಕಣಿವೆಗಳಲ್ಲಿ ಗಟ್ಟಿಯಾದ ಸಂಘವೇ ಇರಲಿಲ್ಲ.

ಗಣಿಯಿಂದ ಮೇಲೆ ಬಂದವರು ಅದೇ ಉದ್ಯಾನದಲ್ಲಿರುವ ಪೆನ್ಸಿಲ್ವೇನಿಯಾ ಆಂಥ್ರಾಸೈಟ್ ಪರಂಪರೆ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ರಾಜ್ಯ ಸರ್ಕಾರದ ಸಂಸ್ಥೆ ನಡೆಸುವ ಈ ಸಂಗ್ರಹಾಲಯ ದೊಡ್ಡದಲ್ಲ, ಆದರೆ ಗಣಿಯಲ್ಲಿ ಕಾಣದ ಎರಡು ಲೋಕಗಳನ್ನು ಇಲ್ಲಿ ನೋಡಬಹುದು. ಒಂದು, ವಲಸೆ ಬಂದ ಕುಟುಂಬಗಳ ಮನೆ, ಅಡುಗೆಮನೆ, ಚರ್ಚುಗಳ ಲೋಕ. ಇನ್ನೊಂದು, ಗಣಿಗಾರರ ಹೆಣ್ಣುಮಕ್ಕಳು ದುಡಿಯುತ್ತಿದ್ದ ರೇಷ್ಮೆ ಮತ್ತು ಲೇಸ್ ಗಿರಣಿಗಳ ಲೋಕ. ಅಪ್ಪನ ಕೂಲಿ ಸಾಲದ ಮನೆಯಲ್ಲಿ ಗಂಡುಮಕ್ಕಳು ಬ್ರೇಕರಿಗೆ, ಹೆಣ್ಣುಮಕ್ಕಳು ಗಿರಣಿಗೆ ಹೋಗುತ್ತಿದ್ದರು. ಬ್ರೇಕರ್ ಎಂದರೆ ಕಲ್ಲಿದ್ದಲನ್ನು ಒಡೆದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಬೃಹತ್ ಕಟ್ಟಡ. ಅದರೊಳಗಿನ ಇಳಿಜಾರು ದೋಣಿಗಳಲ್ಲಿ ಜಾರಿ ಬರುವ ಕಲ್ಲಿದ್ದಲಿನಿಂದ ಸ್ಲೇಟ್ ಕಲ್ಲನ್ನು ಬರಿಗೈಯಲ್ಲಿ ಆರಿಸುತ್ತಿದ್ದವರು ಹುಡುಗರು. 1885ರ ಕಾನೂನಿನಂತೆ ಅವರಿಗೆ ಹನ್ನೆರಡು ವರ್ಷ ತುಂಬಿರಬೇಕಿತ್ತು, ಆದರೆ ವಯಸ್ಸನ್ನು ಏರಿಸಿ ಹೇಳಿ ಕೆಲಸಕ್ಕೆ ಸೇರಿಸುವುದು ಮಾಮೂಲಾಗಿತ್ತು. ಲೂಯಿಸ್ ಹೈನ್ 1911ರ ಜನವರಿಯಲ್ಲಿ ಪಿಟ್ಸ್‌ಟನ್‌ನಲ್ಲಿ ತೆಗೆದ ಈ ಹುಡುಗರ ಛಾಯಾಚಿತ್ರಗಳನ್ನು ನೋಡಿಕೊಂಡು ಹೋದವರಿಗೆ ಈ ಭಾಗ ಇನ್ನಷ್ಟು ತಟ್ಟುತ್ತದೆ. ಸಮಯ ಕಡಿಮೆಯಿದ್ದರೆ ಸಂಗ್ರಹಾಲಯದ ಭೂವಿಜ್ಞಾನದ ವಿವರಗಳನ್ನು ಬಿಟ್ಟು ಮನೆ, ಗಿರಣಿ, ಬ್ರೇಕರುಗಳ ಭಾಗಕ್ಕೆ ಹೆಚ್ಚು ಹೊತ್ತು ಕೊಡಬೇಕೆಂಬುದು ನನ್ನ ಸಲಹೆ. ಟಿಕೆಟ್ ಗಣಿಗೂ ಸಂಗ್ರಹಾಲಯಕ್ಕೂ ಬೇರೆಬೇರೆ.

ಇನ್ನು ಊರೊಳಗಿನ ಚೌಕ. ಲ್ಯಾಕವಾನಾ ಕೌಂಟಿಯ ನ್ಯಾಯಾಲಯ 1884ರಲ್ಲಿ ಪೂರ್ಣಗೊಂಡ ಕಲ್ಲಿನ ಕಟ್ಟಡ. ಅದರ ಸುತ್ತಲಿನ ಹಸಿರು ಹಾಸಿನಲ್ಲಿ ಜಾನ್ ಮಿಚೆಲ್‌ನ ಕಂಚಿನ ಪ್ರತಿಮೆ ಗ್ರಾನೈಟ್ ಹಿನ್ನೆಲೆಯಲ್ಲಿ ನಿಂತಿದೆ. ಶಿಲ್ಪಿ ಚಾರ್ಲ್ಸ್ ಕೆಕ್, ನಿಲ್ಲಿಸಿದ್ದು 1924ರಲ್ಲಿ. ಟಿಕೆಟ್ ಇಲ್ಲ, ಸಮಯದ ಕಟ್ಟುಪಾಡಿಲ್ಲ, ಮಾರ್ಗದರ್ಶಕರೂ ಇಲ್ಲ. ಈ ಕೊನೆಯ ಕೊರತೆಯಿಂದಲೇ ಅನೇಕರು ಇದನ್ನು ಊರಿಗೊಂದು ಪ್ರತಿಮೆ ಎಂಬಂತೆ ನೋಡಿ ಮುಂದೆ ಸಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಭೇಟಿಯ ಮುಖ್ಯ ಸ್ಥಳ ಇದೇ. ಆದ್ದರಿಂದ ಅಲ್ಲಿ ಹೇಳಲು ಯಾರೂ ಇಲ್ಲದ ಕತೆಯನ್ನು ಇಲ್ಲಿ ತುಸು ವಿವರವಾಗಿಯೇ ಹೇಳುತ್ತೇನೆ.

ಮಿಚೆಲ್ ಹುಟ್ಟಿದ್ದು 1870ರಲ್ಲಿ, ಇಲಿನಾಯ್‌ನ ಬ್ರೇಡ್‌ವುಡ್ ಎಂಬ ಗಣಿ ಊರಿನಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಆತ ಹುಡುಗನಾಗಿದ್ದಾಗಲೇ ಗಣಿಗಿಳಿದ. ಸಂಯುಕ್ತ ಗಣಿ ಕಾರ್ಮಿಕರ ಸಂಘ 1890ರಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಹುಟ್ಟಿತು. ಎಂಟು ವರ್ಷಗಳ ನಂತರ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಮಿಚೆಲ್ ಅದರ ಅಧ್ಯಕ್ಷ ಸ್ಥಾನಕ್ಕೆ ಬಂದ. ಆಂಥ್ರಾಸೈಟ್ ಕಣಿವೆಗಳಲ್ಲಿ ಆಗಿನ್ನೂ ಲ್ಯಾಟಿಮರ್‌ನ ಗಾಯ ಹಸಿಯಾಗಿತ್ತು. 1897ರ ಸೆಪ್ಟೆಂಬರ್ 10ರಂದು ಹೇಜಲ್‌ಟನ್ ಬಳಿಯ ಆ ಊರಿಗೆ ನಿರಾಯುಧರಾಗಿ ಮೆರವಣಿಗೆ ಹೋಗುತ್ತಿದ್ದ ಗಣಿಗಾರರ ಮೇಲೆ ಶೆರಿಫನ ಪಡೆ ಗುಂಡು ಹಾರಿಸಿ 19 ಜನರನ್ನು ಕೊಂದಿತ್ತು, ಸತ್ತವರೆಲ್ಲ ಪೂರ್ವ ಯುರೋಪಿನಿಂದ ವಲಸೆ ಬಂದವರು. ಗುಂಡು ಹಾರಿಸಿದವರನ್ನು ನ್ಯಾಯಾಲಯ ಖುಲಾಸೆ ಮಾಡಿತ್ತು. ಇಂಗ್ಲಿಷ್ ಬಾರದ ವಲಸೆಗಾರರು ಮುಷ್ಕರಕ್ಕೆ ನಿಲ್ಲುವವರಲ್ಲ, ಕೂಲಿ ಇಳಿಸಲು ಬಂದವರು ಎಂಬ ಹಳೆಯ ಗಣಿಗಾರರ ತಾತ್ಸಾರವೂ ಆ ದಿನ ಸುಳ್ಳಾಯಿತು.

ಮಿಚೆಲ್ ಈ ಜನರ ನಡುವೆ ಓಡಾಡಿದ ರೀತಿ ವಿಶಿಷ್ಟವಾಗಿತ್ತು. ನೀಟಾಗಿ ಕ್ಷೌರ ಮಾಡಿದ ಮುಖ, ಮೊಣಕಾಲು ಮುಟ್ಟುವ ಕಪ್ಪು ಕೋಟು, ಎತ್ತರಿಸದ ದನಿ. ನೋಡಿದವರಿಗೆ ಪಾದ್ರಿಯೊಬ್ಬನನ್ನು ಕಂಡಂತಾಗುತ್ತಿತ್ತು. ಅಗೆಯುವ ಕಲ್ಲಿದ್ದಲಿಗೆ ಜಾತಿ ದೇಶಗಳಿಲ್ಲ, ಅದು ಬರಿಯ ಕಲ್ಲಿದ್ದಲು ಎಂಬ ಅರ್ಥದ ಮಾತನ್ನು ಅವನ ಹೆಸರಿನಲ್ಲಿ ಇಂದಿಗೂ ಹೇಳುತ್ತಾರೆ. ಸಭೆಯ ಮಾತುಗಳನ್ನು ಹಲವು ಭಾಷೆಗಳಿಗೆ ತಿಳಿಸಿ ಹೇಳುವವರನ್ನು ಇಟ್ಟುಕೊಂಡು ಸಂಘಟನೆ ಬೆಳೆಸಿದ ಆತ 1900ರ ಸೆಪ್ಟೆಂಬರಿನಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಾಗ ಈ ಭಾಗದಲ್ಲಿ ಸಂಘದ ಸದಸ್ಯರು ಹತ್ತು ಸಾವಿರವೂ ಇರಲಿಲ್ಲ, ಆದರೆ ಕೆಲಸ ಬಿಟ್ಟು ಹೊರಬಂದವರು ಲಕ್ಷಕ್ಕೆ ಮುಟ್ಟಿದರು. ಅಧ್ಯಕ್ಷೀಯ ಚುನಾವಣೆ ಹತ್ತಿರವಿತ್ತು. ಆಗಿನ ಅಧ್ಯಕ್ಷ ಮೆಕಿನ್ಲಿಯ ಬೆಂಬಲಿಗ ಮಾರ್ಕ್ ಹ್ಯಾನ್ನಾ ಮಾಲೀಕರ ಮೇಲೆ ಒತ್ತಡ ತಂದದ್ದರಿಂದ ಶೇಕಡ 10ರಷ್ಟು ಕೂಲಿ ಏರಿತು. ಮುಷ್ಕರ ಮುಗಿದ ಅಕ್ಟೋಬರ್ 29 ಈ ಕಣಿವೆಗಳಲ್ಲಿ ಮಿಚೆಲ್ ದಿನವಾಯಿತು.

ದೊಡ್ಡ ಪರೀಕ್ಷೆ ಬಂದದ್ದು 1902ರಲ್ಲಿ. ಮೇ 12ರಂದು ಆರಂಭವಾದ ಮುಷ್ಕರಕ್ಕೆ ಸುಮಾರು 1,47,000 ಜನ ಇಳಿದರು. ಬಹುಪಾಲು ಗಣಿಗಳು ರೈಲು ಕಂಪನಿಗಳ ಹಿಡಿತದಲ್ಲಿದ್ದವು. ಅವುಗಳ ಪರವಾಗಿ ಮಾತಾಡುತ್ತಿದ್ದವನು ರೀಡಿಂಗ್ ರೈಲು ಕಂಪನಿಯ ಅಧ್ಯಕ್ಷ ಜಾರ್ಜ್ ಬೇರ್. ಕಾರ್ಮಿಕರ ಹಿತವನ್ನು ಕಾಯುವವರು ಚಳವಳಿಗಾರರಲ್ಲ, ದೇವರು ತನ್ನ ಅಪಾರ ಜ್ಞಾನದಿಂದ ಯಾರ ಕೈಗೆ ದೇಶದ ಆಸ್ತಿಯನ್ನು ಒಪ್ಪಿಸಿದ್ದಾನೋ ಆ ಕ್ರೈಸ್ತ ಸಜ್ಜನರು ಎಂಬ ಅರ್ಥದಲ್ಲಿ ಆತ ಬರೆದ ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ಮಿಚೆಲ್ ಸಾವಿರ ಸಭೆ ನಡೆಸಿದ್ದರೂ ಕಾರ್ಮಿಕರಿಗೆ ಈ ಒಂದು ಪತ್ರ ಗಳಿಸಿಕೊಟ್ಟಷ್ಟು ಸಹಾನುಭೂತಿ ಸಿಗುತ್ತಿತ್ತೋ ಇಲ್ಲವೋ ಎಂಬ ಸಂಶಯ ನನಗಿದೆ. ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸಂಘದ ವಿಶೇಷ ಅಧಿವೇಶನ ಸೇರಿದಾಗ, ಮೆದು ಕಲ್ಲಿದ್ದಲಿನ ಗಣಿಗಾರರೂ ಬೆಂಬಲವಾಗಿ ಕೆಲಸ ಬಿಡಬೇಕೆಂಬ ಒತ್ತಾಯ ಎದ್ದಿತು. ಅವರು ಮಾಲೀಕರೊಡನೆ ಒಪ್ಪಂದ ಮಾಡಿಕೊಂಡಿದ್ದರು. ಕೊಟ್ಟ ಮಾತನ್ನು ಮುರಿದ ಸಂಘವನ್ನು ಮುಂದೆ ಯಾರೂ ನಂಬಲಾರರು ಎಂದು ವಾದಿಸಿದ ಮಿಚೆಲ್, ಕೆಲಸ ಮುಂದುವರಿಸಿ ಕೂಲಿಯ ಒಂದು ಪಾಲನ್ನು ಮುಷ್ಕರನಿರತರಿಗೆ ಕೊಡಿ ಎಂದು ಅವರನ್ನು ಒಪ್ಪಿಸಿದ. ಆತನ ನಾಯಕತ್ವದ ಶಕ್ತಿಯೂ ಮಿತಿಯೂ ಈ ಒಂದು ನಿರ್ಧಾರದಲ್ಲಿ ಒಟ್ಟಿಗೇ ಇವೆ.

ಚಳಿ ಹತ್ತಿರವಾಗುತ್ತಿದ್ದಂತೆ ನಗರಗಳಲ್ಲಿ ಕಲ್ಲಿದ್ದಲಿಗೆ ಹಾಹಾಕಾರವೆದ್ದಿತು. ಅಕ್ಟೋಬರ್ 3ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಗಾಡಿ ಅಪಘಾತದಲ್ಲಿ ಗಾಯಗೊಂಡ ಕಾಲಿನೊಂದಿಗೆ ಗಾಲಿಕುರ್ಚಿಯಲ್ಲಿ ಕುಳಿತೇ ಎರಡೂ ಕಡೆಯವರನ್ನು ವಾಷಿಂಗ್ಟನ್‌ನಲ್ಲಿ ಸೇರಿಸಿದ. ಅಧ್ಯಕ್ಷರು ನೇಮಿಸುವ ಆಯೋಗದ ತೀರ್ಪಿಗೆ ತಲೆಬಾಗುತ್ತೇವೆ ಎಂದು ಮಿಚೆಲ್ ಹೇಳಿದ. ಮಾಲೀಕರು ಅವನನ್ನು ಕಾರ್ಮಿಕರ ಪ್ರತಿನಿಧಿಯೆಂದು ಒಪ್ಪಿಕೊಳ್ಳಲೇ ಸಿದ್ಧರಿರಲಿಲ್ಲ. ಮೂವತ್ತೆರಡು ವರ್ಷದ ಗಣಿಗಾರ ಸಂಯಮದಿಂದ ಕುಳಿತಿದ್ದರೆ ಧನಿಕರು ಸಿಡಿಮಿಡಿಗೊಂಡು ಎದ್ದುಹೋದರು. ಕೊನೆಗೆ ಯುದ್ಧಖಾತೆಯ ಕಾರ್ಯದರ್ಶಿ ಎಲಿಹು ರೂಟ್, ಬ್ಯಾಂಕರ್ ಜೆ. ಪಿ. ಮಾರ್ಗನ್‌ನನ್ನು ಅವನ ವಿಹಾರನೌಕೆಯಲ್ಲಿ ಭೇಟಿಯಾಗಿ ಆಯೋಗದ ಕರಡನ್ನು ಸಿದ್ಧಪಡಿಸಿದ. ಆಯೋಗದಲ್ಲಿ ಕಾರ್ಮಿಕ ನಾಯಕನಿರಕೂಡದು ಎಂದು ಮಾಲೀಕರು ಹಟ ಹಿಡಿದಾಗ, ಸಮಾಜಶಾಸ್ತ್ರಜ್ಞನಿಗೆಂದು ಇಟ್ಟಿದ್ದ ಸ್ಥಾನಕ್ಕೆ ರೂಸ್‌ವೆಲ್ಟ್ ರೈಲ್ವೆ ಕಂಡಕ್ಟರುಗಳ ಸಂಘದ ಮುಖ್ಯಸ್ಥ ಇ. ಇ. ಕ್ಲಾರ್ಕ್‌ನನ್ನೇ ಕೂರಿಸಿದ. ಇಡೀ ಪ್ರಕರಣದಲ್ಲಿ ನಗು ಬರಿಸುವ ಸಂಗತಿ ಇದೊಂದೇ. ಅಕ್ಟೋಬರ್ 23ರಂದು ಗಣಿಗಳಲ್ಲಿ ಮತ್ತೆ ಕೆಲಸ ಶುರುವಾಯಿತು.

ಆ ಆಯೋಗ ನವೆಂಬರಿನಲ್ಲಿ ವಿಚಾರಣೆ ಆರಂಭಿಸಿದ್ದು ಇದೇ ನ್ಯಾಯಾಲಯದ ಕಟ್ಟಡದಲ್ಲಿ. ಮುಂದಿನ ಭಾಗ ಫಿಲಡೆಲ್ಫಿಯಾದಲ್ಲಿ ನಡೆಯಿತು. ಗಣಿಗಾರರ ಪರ ವಾದಿಸಿದವನು ಕ್ಲಾರೆನ್ಸ್ ಡ್ಯಾರೊ. ಒಟ್ಟು 558 ಸಾಕ್ಷಿಗಳ ಹೇಳಿಕೆಗಳು ದಾಖಲಾದವು. ಗಣಿಯಲ್ಲಿ ಸತ್ತ ತಂದೆಯ ಸಾಲಕ್ಕೆಂದು ಕೂಲಿಯನ್ನು ಕಂಪನಿ ಮುರಿದುಕೊಳ್ಳುತ್ತಿದ್ದ ಬ್ರೇಕರ್ ಹುಡುಗ ಬಂದ, ರಾತ್ರಿ ಪಾಳಿಯಲ್ಲಿ ರೇಷ್ಮೆ ಗಿರಣಿಗೆ ಹೋಗುವ ಬಾಲಕಿ ಬಂದಳು. ಬೆಳಿಗ್ಗೆ ಗಣಿಯೊಳಗೆ ಕೇಳಿದ್ದ ಗಾಡಿ, ತೂಕ, ಮುರಿತ, ಸಿಡಿಮದ್ದಿನ ಬೆಲೆ ಎಲ್ಲವೂ ಇಲ್ಲಿ ಒಂದೊಂದಾಗಿ ದಾಖಲೆಯ ಪುಟ ಸೇರಿದವು. ಅದಕ್ಕೇ ಗಣಿ ಮೊದಲು, ಚೌಕ ಆಮೇಲೆ ಎಂದು ನಾನು ಹೇಳುತ್ತಿರುವುದು. ಕ್ರಮ ತಿರುಗಿಸಿದರೆ ಪ್ರತಿಮೆ ಪ್ರತಿಮೆಯಾಗಿಯೇ ಉಳಿಯುತ್ತದೆ.

ತೀರ್ಪು ಬಂದದ್ದು 1903ರ ಮಾರ್ಚ್‌ನಲ್ಲಿ. ಶೇಕಡ 20 ಕೇಳಿದ್ದ ಗಣಿಗಾರರಿಗೆ ಶೇಕಡ 10 ಏರಿಕೆ ಸಿಕ್ಕಿತು. ಎಂಟು ಗಂಟೆ ಕೇಳಿದ್ದವರಿಗೆ ಒಂಬತ್ತು ಗಂಟೆ. ತೂಕ ಮತ್ತು ಮುರಿತಗಳ ಮೇಲೆ ಕಣ್ಣಿಡಲು ತಮ್ಮದೇ ಖರ್ಚಿನಲ್ಲಿ ತಮ್ಮವನೊಬ್ಬನನ್ನು ನಿಲ್ಲಿಸಿಕೊಳ್ಳುವ ಹಕ್ಕು ದೊರೆಯಿತು. ಮುಂದಿನ ವಿವಾದಗಳಿಗೆ ಎರಡೂ ಕಡೆಯ ತಲಾ ಮೂವರಿರುವ ಸಂಧಾನ ಮಂಡಳಿ ಏರ್ಪಟ್ಟಿತು. ಆದರೆ ಸಂಘಕ್ಕೆ ಮಾನ್ಯತೆ ಸಿಗಲಿಲ್ಲ. ಆಂಥ್ರಾಸೈಟ್ ಗಣಿಗಾರರು ಎಂಟು ಗಂಟೆಯ ದಿನವನ್ನೂ ಸಂಘದ ಮಾನ್ಯತೆಯನ್ನೂ ಪಡೆಯಲು 1916ರ ಒಪ್ಪಂದದವರೆಗೆ ಕಾಯಬೇಕಾಯಿತು. ಐದು ತಿಂಗಳ ಉಪವಾಸಕ್ಕೆ ಇದು ತಕ್ಕ ಫಲವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ನನಗನ್ನಿಸುವಂತೆ ತೀರ್ಪಿನ ಕಲಮುಗಳಿಗಿಂತ ವಿಚಾರಣೆ ನಡೆದದ್ದೇ ದೊಡ್ಡದು. ಅದಕ್ಕೆ ಮೊದಲು ಅಮೆರಿಕದ ಅಧ್ಯಕ್ಷರು ಮುಷ್ಕರದಲ್ಲಿ ಕೈಹಾಕಿದ್ದರೆ ಅದು ಸೈನ್ಯ ಕಳಿಸಲು. ಎರಡೂ ಪಕ್ಷಗಳನ್ನು ಸಮಾನವಾಗಿ ಕರೆದು ಮಾತಾಡಿಸಿದ್ದು ಅದೇ ಮೊದಲು.

ಸ್ಮಾರಕ ಹೇಳದ ಮಾತುಗಳೂ ಇವೆ. ಮಿಚೆಲ್‌ನ ಅವಧಿಯಲ್ಲಿ ಸಂಘದ ಸದಸ್ಯತ್ವ 34,000ದಿಂದ ಸುಮಾರು ಮೂರು ಲಕ್ಷಕ್ಕೆ ಬೆಳೆಯಿತೆಂಬುದು ನಿಜ. ಅದೇ ಅವಧಿಯಲ್ಲಿ ಆತ ಉದ್ಯಮಿಗಳೂ ಕಾರ್ಮಿಕ ನಾಯಕರೂ ಒಟ್ಟಿಗೆ ಕೂರುತ್ತಿದ್ದ ರಾಷ್ಟ್ರೀಯ ನಾಗರಿಕ ಒಕ್ಕೂಟಕ್ಕೆ ತೀರ ಹತ್ತಿರವಾದ. ಗಣಿಗಾರರ ನಡುವೆ ಹಗಲಿರುಳು ಓಡಾಡುತ್ತಿದ್ದ ಮದರ್ ಜೋನ್ಸ್ ಅವನ ರಾಜಿಯ ಮನೋಭಾವವನ್ನು ಕಟುವಾಗಿ ಟೀಕಿಸಿದಳು. 1908ರಲ್ಲಿ ಅಧ್ಯಕ್ಷ ಸ್ಥಾನದಿಂದ ಇಳಿದ ಅವನಿಗೆ, ಒಕ್ಕೂಟವನ್ನಾದರೂ ಬಿಡು, ಸಂಘವನ್ನಾದರೂ ಬಿಡು ಎಂದು 1911ರಲ್ಲಿ ಸ್ವಂತ ಸಂಘವೇ ತಾಕೀತು ಮಾಡಿತು. ಆತ ಒಕ್ಕೂಟವನ್ನು ಬಿಟ್ಟ. 1919ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಆತ ಬಿಟ್ಟುಹೋದ ಆಸ್ತಿ ಎರಡೂವರೆ ಲಕ್ಷ ಡಾಲರಿನ ಹತ್ತಿರವಿತ್ತು ಎಂಬ ಸುದ್ದಿ ಅನೇಕ ಗಣಿಗಾರರನ್ನು ಗಾಸಿಗೊಳಿಸಿತು. ಆದರೂ ಐದು ವರ್ಷದೊಳಗೆ ಈ ಊರಿನಲ್ಲಿ ಪ್ರತಿಮೆ ಎದ್ದು ನಿಂತಿತು. ಗಣಿಗಾರರು ಅವನನ್ನು ಮನ್ನಿಸಿದರೋ, ಅಥವಾ ಮನ್ನಿಸುವ ಪ್ರಶ್ನೆಯೇ ಅವರಿಗೆ ಏಳಲಿಲ್ಲವೋ ಎಂಬುದನ್ನು ಚೌಕದಲ್ಲಿ ನಿಂತು ಯೋಚಿಸಬಹುದು. ಒಂದು ಗಂಟೆ ಹತ್ತು ಗಂಟೆಯಂತೆ ಸಾಗುವ ಆ ತಗ್ಗು ಪದರವನ್ನು ಬೆಳಿಗ್ಗೆ ನೋಡಿ ಬಂದವನಾದ್ದರಿಂದ, ದಿನದಲ್ಲಿ ಒಂದು ಗಂಟೆ ಕಡಿಮೆ ಮಾಡಿಸಿದವನನ್ನು ರಾಜಿಕೋರ ಎಂದು ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ.

ಒಟ್ಟಾರೆ, ಗಣಿ ಪ್ರವಾಸಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ. ಮಾರ್ಗದರ್ಶಕರ ತಿಳಿವಳಿಕೆ ಮತ್ತು ಸಹನೆಗೇ ಅದರಲ್ಲಿ ಹೆಚ್ಚಿನ ಪಾಲು. ಸಂಗ್ರಹಾಲಯಕ್ಕೆ ನಾಲ್ಕು. ಚೌಕದ ಸ್ಮಾರಕಕ್ಕೆ ಅಂಕ ಕೊಡುವುದು ಸರಿಯೆನಿಸುವುದಿಲ್ಲ, ಅಲ್ಲಿ ಸಿಗುವುದು ನೋಡುವವರು ತಿಳಿದುಕೊಂಡು ಹೋದಷ್ಟೇ. ಇಕ್ಕಟ್ಟಾದ ಜಾಗವೆಂದರೆ ಉಸಿರು ಕಟ್ಟುವವರೂ ಮಂಡಿನೋವಿನವರೂ ಟಿಕೆಟ್ ಕೊಳ್ಳುವ ಮೊದಲೇ ಸಿಬ್ಬಂದಿಯೊಡನೆ ಮಾತಾಡಿಕೊಳ್ಳಬೇಕು. ಚಳಿಗಾಲದಲ್ಲಿ ಗಣಿ ಮುಚ್ಚಿರುತ್ತದೆ, ಹಾಗಾಗಿ ದಿನ ಆರಿಸಿಕೊಳ್ಳುವ ಅನುಕೂಲವಿರುವವರು ಅಕ್ಟೋಬರ್ ಕೊನೆಯ ವಾರವನ್ನು ಆರಿಸಿಕೊಳ್ಳಲಿ: ಬೇಸಿಗೆಯ ಜನಸಂದಣಿ ಕಳೆದಿರುತ್ತದೆ, ಗಣಿ ಇನ್ನೂ ತೆರೆದಿರುತ್ತದೆ, 29ರ ಮಿಚೆಲ್ ದಿನವೂ ಅದೇ ವಾರದಲ್ಲಿ ಬರುತ್ತದೆ. ಸಂಜೆ ಹೊತ್ತು ಮಿಕ್ಕರೆ ಅದೇ ಊರಿನ ಕೆಥೀಡ್ರಲ್ ಸ್ಮಶಾನದಲ್ಲಿರುವ ಅವನ ಸಮಾಧಿಗೂ ಹೋಗಿ ಬರಬಹುದು.